ಊಳಿಗ, ಜೀತ, ಬಿಟ್ಟಿ: ಯೂರೋಪಿನ ಊಳಿಗಮಾನ್ಯವೂ ಕೊಳ್ಳೇಗಾಲ–ಯಳಂದೂರು ಸೀಮೆಯೂ

ಯೂರೋಪು ಖಂಡದ ಮಧ್ಯಯುಗದ ಸಮಾಜವ್ಯವಸ್ಥೆಯನ್ನು ಹೇಳುವುದಕ್ಕೆ ಕನ್ನಡದಲ್ಲಿ ‘ಊಳಿಗಮಾನ್ಯ ಪದ್ಧತಿ’ ಎಂಬ ಮಾತು ರೂಢವಾಗಿದೆ. ಫ್ಯೂಡಲಿಸಂ ಎಂಬ ಶಬ್ದಕ್ಕೆ ಇದನ್ನು ಹೊಂದಿಸಿದವರು ಜಾಣರೇ ಸರಿ. ಊಳಿಗವೆಂದರೆ ಸೇವೆ, ಮಾನ್ಯವೆಂದರೆ ಕರವಿಲ್ಲದೆಯೋ ಅಲ್ಪಕರಕ್ಕೋ ಬಿಟ್ಟುಕೊಟ್ಟ ಭೂಮಿ. ಯುದ್ಧಕಾಲದಲ್ಲಿ ಒಡೆಯನ ಕೂಡೆ ಬರುವೆನೆಂದು ಒಪ್ಪಿ ಭೂಮಿಯನ್ನು ಪಡೆದ ಯೋಧನಿಗೆ ಈ ಸಮಾಸವು ಚೆನ್ನಾಗಿ ಒಪ್ಪುತ್ತದೆ. ಆದರೆ ಆ ಭೂಮಿಯನ್ನು ಉತ್ತವನಾರು? ಅವನಿಗೆ ಊಳಿಗವುಂಟು, ಮಾನ್ಯವಿಲ್ಲ. ಹೀಗೆ ಈ ಪದವು ಪದ್ಧತಿಯ ಮೇಲರ್ಧವನ್ನು ತೋರಿಸಿ ಕೆಳಗಿನರ್ಧವನ್ನು ಮರೆಮಾಡುತ್ತದೆ. ಆ ಕೆಳಗಿನರ್ಧಕ್ಕೆ ಕನ್ನಡದಲ್ಲಿ ಬೇರೆ ಎರಡು ಮಾತುಗಳಿವೆ: ಜೀತ, ಬಿಟ್ಟಿ. ಶಾಲೆಗಳಲ್ಲಿ ಈ ವಿಷಯವನ್ನು ಬೋಧಿಸುವವರು ಮೂರನ್ನೂ ಕೂಡಿಸಿ ನೋಡುವುದು ಅವಶ್ಯ.

11ನೆಯ ಶತಮಾನದ ಆದಿಭಾಗದಲ್ಲಿ ಫ್ರಾನ್ಸಿನ ಲಾನ್ ಪಟ್ಟಣದ ಬಿಷಪ್ ಅಡಾಲ್ಬೆರೋ ಎಂಬವನು ಲೋಕದ ಜನವನ್ನು ಮೂರು ಬಗೆಯಾಗಿ ವಿಭಾಗಿಸಿದನು: ಪ್ರಾರ್ಥಿಸುವವರು, ಕಾದುವವರು, ದುಡಿಯುವವರು. ಇದನ್ನು ಕಂಡೊಡನೆ ಚಾತುರ್ವರ್ಣ್ಯವು ನೆನಪಿಗೆ ಬರುವುದು ಸಹಜ. ಆದರೆ ಅಲ್ಲಿ ವೈಶ್ಯನಿಗೆ ಬೇರೆ ಸ್ಥಾನವಿಲ್ಲ. ವರ್ತಕನು ಆ ಬಿಷಪ್ಪನ ಲೆಕ್ಕಕ್ಕೆ ಬರಲಿಲ್ಲ. ಮುಂದೆ ಆ ವ್ಯವಸ್ಥೆಯನ್ನು ಸಡಿಲಿಸಿದವರಲ್ಲಿ ವರ್ತಕರೂ ಅವರ ಪಟ್ಟಣಗಳೂ ಮುಖ್ಯವಾದುವು.

ಕಾದುವವರ ವರ್ಗದಲ್ಲಿ ಸೇವೆಯೇ ಗೌರವವಾಗಿದ್ದಿತು. ಇಂಗ್ಲಿಷಿನ ‘ನೈಟ್’ ಎಂಬ ಶಬ್ದಕ್ಕೆ ಮೂಲಾರ್ಥ ಹುಡುಗ, ಆಳು ಎಂದು. ‘ಮಾರ್ಷಲ್’ ಎಂದರೆ ಕುದುರೆಯ ಚಾಕರ. ‘ಲಾರ್ಡ್’ ಎಂಬ ಶಬ್ದವು ರೊಟ್ಟಿಯನ್ನು ಕಾಯುವವನು ಎಂಬ ಅರ್ಥದ ಹಳೆಯ ಸಮಾಸದಿಂದ ಬಂದುದು. ಅವನ ಆಶ್ರಿತನಿಗೆ ರೊಟ್ಟಿಯನ್ನು ತಿನ್ನುವವನೆಂದು ಹೆಸರು. ಹಳಗನ್ನಡವನ್ನು ಓದಿದವರಿಗೆ ಇದು ಹೊಸದಲ್ಲ. ಒಡೆಯನ ಜೋಳವನ್ನುಂಡುದಕ್ಕೆ ಪ್ರಾಣವನ್ನು ತೆರುವ ‘ಜೋಳವಾಳಿ’ ಪಂಪನ ಕಾಲದ ವೀರಧರ್ಮ. ರೊಟ್ಟಿ ಅಲ್ಲಿ, ಜೋಳ ಇಲ್ಲಿ; ಋಣವೊಂದೇ. ಸುಮಾರು ಕ್ರಿ.ಶ. 900ರ ಬೇಗೂರಿನ ವೀರಗಲ್ಲಿನಲ್ಲಿ, ನಾಗತ್ತರನು ಕಾಳಗದಲ್ಲಿ ಮಡಿದುದನ್ನು ಕೇಳಿದ ಗಂಗರ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಮೊದಲಾದ ಊರುಗಳನ್ನು ಕಲ್ನಾಡಾಗಿ ಕೊಟ್ಟನೆಂದಿದೆ. ಒಡೆಯನ ಅಂಗೈಗಳ ನಡುವೆ ತನ್ನ ಕೈಗಳನ್ನಿಟ್ಟು ಭೂಮಿಯನ್ನು ಪಡೆದ ಪಾಶ್ಚಾತ್ಯ ಯೋಧನಿಗೂ ಇರುಗನಿಗೂ ಈ ಮಟ್ಟಿಗೆ ಹೋಲಿಕೆಯನ್ನು ಹೇಳಬಹುದು.

ಯಳಂದೂರಿನ ಸಂಚಿಯ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದವಳು. ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಒಡೆಯನ ಸಮೀಪದ ಊಳಿಗವು ಹೀನವಲ್ಲ, ಮೇಲೇರುವ ಮೆಟ್ಟಿಲು ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಉತ್ತಮ ನಿದರ್ಶನವು ಬೇಕಿಲ್ಲ.

ಇನ್ನು ದುಡಿಯುವವರು. ಇಂಗ್ಲೆಂಡಿನ ‘ವಿಲನ್’ ಎಂಬ ಒಕ್ಕಲಿಗನಿಗೆ ಸ್ವಂತ ಗುಡಿಸಲೂ ಹಿಡುವಳಿಯೂ ಇದ್ದುವು. ಅದಕ್ಕೆ ಪ್ರತಿಯಾಗಿ ಅವನು ವಾರದಲ್ಲಿ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಬೇಕು. ಸುಗ್ಗಿಯಲ್ಲಿ ತನ್ನ ಪೈರು ಒಣಗುತ್ತಿದ್ದರೂ ಒಡೆಯನದನ್ನು ಮೊದಲು ಕೊಯ್ಯಬೇಕು. ಮಗಳ ಮದುವೆಗೆ ಕಾಣಿಕೆ. ತಾನು ಸತ್ತರೆ ಕೊಟ್ಟಿಗೆಯ ಉತ್ತಮ ಪಶು ಒಡೆಯನಿಗೆ. ಬೆಳೆಯಲ್ಲಿ ಹತ್ತನೆಯ ಒಂದು ಪಾಲು ಚರ್ಚಿಗೆ. ಅಪ್ಪಣೆಯಿಲ್ಲದೆ ಊರನ್ನು ಬಿಡುವಂತಿಲ್ಲ. ಬಾರ್ಲಿ ಅಥವಾ ರೈ ಧಾನ್ಯದ ಒರಟು ರೊಟ್ಟಿ, ಬಟಾಣಿ ಸೊಪ್ಪುಗಳನ್ನು ಬೇಯಿಸಿದ ಗಂಜಿ, ಧಾನ್ಯದ ಮದ್ಯ—ಇವು ಅವನ ಆಹಾರ.

ಆ ರೊಟ್ಟಿಯ ಹಿಟ್ಟನ್ನು ಬೀಸುವುದಕ್ಕೂ ಒಡೆಯನ ಗಿರಣಿಗೇ ಹೋಗಿ ಪಾಲನ್ನು ತೆರಬೇಕಾಗಿತ್ತು. ಸೇಂಟ್ ಆಲ್ಬನ್ಸ್ ಎಂಬಲ್ಲಿ 14ನೆಯ ಶತಮಾನದಲ್ಲಿ ಮಠಾಧಿಪತಿಯೊಬ್ಬನು ಜನರ ಮನೆಗಳ ಬೀಸುವ ಕಲ್ಲುಗಳನ್ನು ಕಿತ್ತು ತರಿಸಿ, ತನ್ನ ಮಠದ ನೆಲಕ್ಕೆ ಹಾಸಿಸಿದನು. 1381ರ ರೈತರ ದಂಗೆಯಲ್ಲಿ ಜನರು ನುಗ್ಗಿ ಆ ಕಲ್ಲುಗಳನ್ನು ಕಿತ್ತು, ಒಡೆದ ಚೂರುಗಳನ್ನು ಪ್ರಸಾದದಂತೆ ಹಂಚಿಕೊಂಡರು. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯವರೆಗಿನ ರಾಗಿಯ ಸೀಮೆಯಲ್ಲಿ ಬೀಸುವ ಕಲ್ಲು ಮನೆಮನೆಯ ಒಡವೆಯಾಗಿದ್ದಿತು. ಬೆಳಗಿನ ಜಾವ ಅದರ ಮುಂದೆ ಕುಳಿತ ಹೆಂಗಸರು ಹಾಡಿದ ಪದಗಳೇ ಕನ್ನಡದ ಜನಪದಸಾಹಿತ್ಯದ ಒಂದು ಭಾಗ. ಇದು ಅಲ್ಪಭೇದವಲ್ಲ. ಇಲ್ಲಿಯ ಒಡೆಯನು ಕಣಕ್ಕೆ ಬಂದನು, ಅಡುಗೆಮನೆಗೆ ಬರಲಿಲ್ಲ.

ಕಣಕ್ಕೆ ಬಂದುದು ಹೇಗೆ ಎಂಬುದನ್ನು 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ಸುತ್ತಿನ ವಿಷಯವಾಗಿ ವಿವರಿಸಿರುವನು. ಧಾನ್ಯದ ರಾಶಿಯಿಂದ ಮೊದಲು ದೇವರಿಗೂ ಬ್ರಾಹ್ಮಣರಿಗೂ ಭಿಕ್ಷುಕರಿಗೂ. ಆಮೇಲೆ ಗೌಡ, ಶಾನುಭೋಗ, ತೋಟಿ, ನೀರಗಂಟಿ, ಕಮ್ಮಾರ, ಅಗಸ, ಕುಂಬಾರ, ಕ್ಷೌರಿಕ ಮೊದಲಾದವರಿಗೆ ಅಳೆದು ಕೊಟ್ಟು, ಉಳಿದುದನ್ನು ಸರ್ಕಾರವೂ ಒಕ್ಕಲೂ ಹಂಚಿಕೊಳ್ಳುತ್ತಿದ್ದುವು. ಆಯಗಾರರೆನಿಸಿದ ಈ ಊರ ಸೇವಕರಲ್ಲಿ ಅನೇಕರಿಗೆ ಉಂಬಳಿಯ ನೆಲವೂ ಇದ್ದಿತು. ಸರಿಯಾಗಿ ನೋಡಿದರೆ ‘ಊಳಿಗಮಾನ್ಯ’ವೆಂಬ ಹೆಸರು ಕತ್ತಿಹಿಡಿದ ಪಾಳೆಯಗಾರನಿಗಿಂತ ಕೆರೆಯ ತೂಬನ್ನು ಕಾಯುವ ನೀರಗಂಟಿಗೇ ಹೆಚ್ಚು ಸಲ್ಲುತ್ತದೆ!

ಪಾಳೆಯಗಾರರ ಮಾತು ಈ ಸೀಮೆಗೆ ಹೊರತಲ್ಲ. ಲೊಕ್ಕನಹಳ್ಳಿಯಿಂದ ಹಾಸನೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಡೆಯರಪಾಳ್ಯವೆಂಬ ಊರೇ ಇದೆ. ಆದರೆ ಹೆಸರೊಂದರಿಂದಲೇ ಇತಿಹಾಸವನ್ನು ಕಟ್ಟುವುದು ಯುಕ್ತವಲ್ಲ. ಉಮ್ಮತ್ತೂರಿನ ಗಂಗರಾಜನು ವಿಜಯನಗರಕ್ಕೆ ಇದಿರು ನಿಂತುದನ್ನೂ, ಕೃಷ್ಣದೇವರಾಯನು ಪಟ್ಟವೇರಿದ ಕೆಲವೇ ವರ್ಷಗಳಲ್ಲಿ ಶಿವನಸಮುದ್ರವನ್ನು ಗೆದ್ದು ಅವನನ್ನಡಗಿಸಿದುದನ್ನೂ ಚರಿತ್ರಕಾರರು ಬಲ್ಲರು. ಅನಂತರದ ಒಂದು ಸಂಗತಿಯು ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದುದು. 1799ರಲ್ಲಿ ಟೀಪುವಿನ ಪತನವಾದಮೇಲೆ ಕೊಳ್ಳೇಗಾಲವು ಕುಂಪಣಿಯ ವಶವಾಗಿ ಕೊಯಮುತ್ತೂರು ಜಿಲ್ಲೆಯಲ್ಲಿ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ವಂಶಪಾರಂಪರ್ಯದ ಜಹಗೀರಾಗಿ ದತ್ತವಾಯಿತು. ಒಂದು ಕಡೆ ಸರ್ಕಾರಕ್ಕೆ ನೇರವಾಗಿ ಕಂದಾಯವನ್ನು ಕಟ್ಟುವ ರೈತವಾರಿ. ಇನ್ನೊಂದು ಕಡೆ ಜಹಗೀರುದಾರ. ಆದರೆ ಆ ಜಹಗೀರಿಗೆ ಪ್ರತಿಯಾಗಿ ದಂಡಿಗೆ ಬರಬೇಕೆಂಬ ಕಟ್ಟಳೆಯಿಲ್ಲ. ಅದು ಸಂದ ಸೇವೆಗೆ ಕೊಟ್ಟ ಬಹುಮಾನ. ಹೀಗೆ ಇಲ್ಲಿ ಮಾನ್ಯವುಂಟು, ಮುಂದಿನ ಊಳಿಗವಿಲ್ಲ. ಜಹಗೀರೆಂದೊಡನೆ ಫ್ಯೂಡಲಿಸಂ ಎನ್ನುವವರು ಈ ಭೇದವನ್ನು ಗಮನಿಸಬೇಕು.

ರಾಮಶರಣ ಶರ್ಮರು 1965ರ ತಮ್ಮ ಗ್ರಂಥದಲ್ಲಿ ಭೂದಾನಗಳ ಮೂಲಕ ಭಾರತದಲ್ಲಿಯೂ ಈ ಪದ್ಧತಿಯು ಬೆಳೆಯಿತೆಂದು ವಾದಿಸಿದರು. ಹರ್‌ಬನ್ಸ್ ಮುಖಿಯಾ ಅವರು 1981ರಲ್ಲಿ ಪ್ರಕಟವಾದ ಲೇಖನದಲ್ಲಿ, ಇಲ್ಲಿಯ ರೈತನು ತನ್ನ ಬೇಸಾಯಕ್ಕೆ ತಾನೇ ಯಜಮಾನನಾಗಿದ್ದನೆಂದು ಅದನ್ನು ಸಂದೇಹಿಸಿದರು. ಬೀಸುವ ಕಲ್ಲನ್ನು ನೋಡಿದರೆ ಮುಖಿಯಾ ಅವರ ಪಕ್ಷವು ಬಲವಾಗಿ ತೋರುತ್ತದೆ. ಆದರೆ ‘ಬಿಟ್ಟಿ’ ಎಂಬ ಮಾತು ಅಷ್ಟು ಸುಲಭವಾಗಿ ಸಮಾಧಾನಗೊಳ್ಳಲು ಬಿಡುವುದಿಲ್ಲ.

ಇಷ್ಟಿಕಾ ಶಬ್ದವು ಇಟ್ಟಿಗೆಯಾದಂತೆ ಸಂಸ್ಕೃತದ ‘ವಿಷ್ಟಿ’ಯು ಕನ್ನಡದಲ್ಲಿ ‘ಬಿಟ್ಟಿ’ಯಾಯಿತು. ಶಿಲ್ಪಿಗಳಿಂದಲೂ ಮೈದುಡಿತದಿಂದ ಜೀವಿಸುವ ಶೂದ್ರರಿಂದಲೂ ಅರಸನು ತಿಂಗಳಿಗೊಂದು ದಿನ ಕೆಲಸವನ್ನು ಮಾಡಿಸಿಕೊಳ್ಳಬಹುದೆಂದು ಮನುಸ್ಮೃತಿಯಲ್ಲಿದೆ. ಕ್ರಿ.ಶ. 150ರ ಜುನಾಗಢದ ಶಾಸನದಲ್ಲಿ ರುದ್ರದಾಮನು ವಿಷ್ಟಿಯಿಂದ ಪ್ರಜೆಗಳನ್ನು ಪೀಡಿಸದೆ ಸುದರ್ಶನವೆಂಬ ಕೆರೆಯ ಕಟ್ಟೆಯನ್ನು ಮತ್ತೆ ಕಟ್ಟಿಸಿದೆನೆಂದು ಹೊಗಳಿಕೊಂಡಿರುವನು. ಪೀಡಿಸುವುದು ವಾಡಿಕೆಯಾಗಿರದಿದ್ದರೆ ಈ ಹೊಗಳಿಕೆಗೆ ಅರ್ಥವಿಲ್ಲ. ವಾರಕ್ಕೆ ಮೂರು ದಿನವೆಲ್ಲಿ, ತಿಂಗಳಿಗೆ ಒಂದು ದಿನವೆಲ್ಲಿ ಎಂದು ಹೆಮ್ಮೆಪಡುವವರುಂಟು. ಆದರೆ ಧರ್ಮಶಾಸ್ತ್ರದ ದಿನಗಣನೆಯು ಹಳ್ಳಿಯ ತೋಟಿಯನ್ನು ಕಾಪಾಡಲಿಲ್ಲ. ಅಧಿಕಾರಿಯು ಬಂದಾಗ ಗಂಟನ್ನು ಹೊರುವುದು, ಕುದುರೆಗೆ ಹುಲ್ಲನ್ನು ತರುವುದು, ಓಲೆಯನ್ನೊಯ್ಯುವುದು—ಇವಕ್ಕೆ ದಿನದ ಲೆಕ್ಕವೂ ಇಲ್ಲ, ಹೊತ್ತಿನ ಲೆಕ್ಕವೂ ಇಲ್ಲ. ಈಗ ‘ಬಿಟ್ಟಿ’ ಎಂದರೆ ಪುಕ್ಕಟೆಯಾಗಿ ದೊರೆತುದು. ಕೊಟ್ಟವನ ಕಷ್ಟವು ಆ ಅರ್ಥದಿಂದ ಜಾರಿಹೋಗಿ, ಪಡೆದವನ ಲಾಭವೊಂದೇ ಉಳಿದಿದೆ.

‘ಜೀತ’ದ ಗತಿ ಇದಕ್ಕಿಂತ ದುಃಖಕರ. ಅದು ‘ಜೀವಿತ’ದ ತದ್ಭವ, ಜೀವನಕ್ಕೆಂದು ಒಡೆಯನು ಕೊಟ್ಟ ಸಂಬಳ ಅಥವಾ ಭೂಮಿ. ವೀರನೊಬ್ಬನು ತಲೆಯೆತ್ತಿ ಹೇಳಿಕೊಳ್ಳುತ್ತಿದ್ದ ಆ ಶಬ್ದವು ಕ್ರಮೇಣ ಸಾಲಕ್ಕೆ ಮೈಯನ್ನು ಒತ್ತೆಯಿಟ್ಟವನ ದುಡಿತಕ್ಕೆ ಹೆಸರಾಯಿತು.

ಯೂರೋಪಿನ ವಿಲನ್ ಓಡಿಹೋಗಿ ಸ್ವತಂತ್ರವಾದ ಪಟ್ಟಣದಲ್ಲಿ ಒಂದು ವರ್ಷವೂ ಒಂದು ದಿನವೂ ತಲೆಮರೆಸಿಕೊಂಡಿದ್ದರೆ, ಅನೇಕ ಕಡೆಗಳಲ್ಲಿ ಒಡೆಯನ ಹಕ್ಕು ತಪ್ಪುತ್ತಿತ್ತು. ಅವನನ್ನು ಕಟ್ಟಿದ್ದುದು ನೆಲ. ನೆಲವನ್ನು ದಾಟಿದರೆ ಕಟ್ಟು ಬಿಚ್ಚಿತು. ಕನ್ನಡ ನಾಡಿನಲ್ಲಿ ಕಂದಾಯದ ಭಾರಕ್ಕೆ ಒಕ್ಕಲುಗಳು ಊರನ್ನು ತೊರೆದು ಹೋಗುತ್ತಿದ್ದುವು. ಬೇರೆಡೆ ಬೀಳುನೆಲವನ್ನು ಕೊಟ್ಟು ಕರೆಯುವವರೂ ಇದ್ದರು. ಆದರೆ ತೋಟಿಯ ಕುಲದವನು ಯಾವ ಊರಿಗೆ ಹೋದರೂ ಊರ ಹೊರಗಿನ ಕೇರಿಯೇ ಅವನಿಗಾಗಿ ಕಾದಿರುತ್ತಿತ್ತು. ಅವನನ್ನು ಕಟ್ಟಿದ್ದುದು ನೆಲವಲ್ಲ, ಹುಟ್ಟು. ಅಲ್ಲಿಯ ಪದ್ಧತಿಯನ್ನು ಕ್ರೂರವೆಂದು ಬೋಧಿಸುವ ಪಾಠದಲ್ಲಿ ಈ ವಾಕ್ಯವನ್ನೂ ಸೇರಿಸದಿದ್ದರೆ ಹೋಲಿಕೆಯು ನ್ಯಾಯವಾಗದು.

ಫ್ರಾನ್ಸಿನಲ್ಲಿ 1789ರ ಆಗಸ್ಟ್ 4ರ ರಾತ್ರಿ ಒಡೆಯರ ಹಕ್ಕುಗಳನ್ನು ತೊಡೆದುಹಾಕುವ ನಿರ್ಣಯವಾಯಿತು; ರಷ್ಯದಲ್ಲಿ 1861ರಲ್ಲಿ ನೆಲಕ್ಕೆ ಕಟ್ಟಿದ ರೈತರಿಗೆ ಬಿಡುಗಡೆಯಾಯಿತು. ಇಲ್ಲಿ ಅದು ಬಿಡಿಬಿಡಿಯಾಗಿ ನಡೆಯಿತು. ವೈಯಕ್ತಿಕ ಇನಾಂಗಳನ್ನು ರದ್ದುಗೊಳಿಸುವ ಕಾಯಿದೆಯು ಮೈಸೂರಿನಲ್ಲಿ 1954ರಲ್ಲಿಯೂ, ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆಯುವ ಕಾಯಿದೆಯು 1961ರಲ್ಲಿಯೂ ಆದುವು. ಇವೆರಡರ ನಡುವೆ, 1956ರ ನವೆಂಬರ್ 1ರಂದು, ಕೊಳ್ಳೇಗಾಲವು ಮೈಸೂರಿಗೆ ಸೇರಿ ಯಳಂದೂರಿನೊಡನೆ ಒಂದೇ ರಾಜ್ಯವಾಯಿತು. ಮಾನ್ಯವೂ ಊಳಿಗವೂ ಹೀಗೆ ಮೊದಲು ಹೋದುವು. ಜೀತವನ್ನು ನಿಷೇಧಿಸುವ ಕಾಯಿದೆಯು ಬಂದುದು 1976ರಲ್ಲಿ.