ಪಿಎಚ್.ಡಿ., ಸಂವಹನ ಮತ್ತು ಸಮೂಹ ಮಾಧ್ಯಮ

ಪತ್ರಿಕೆ, ಬಾನುಲಿ, ದೂರದರ್ಶನ, ಸಿನಿಮಾ, ಜಾಹೀರಾತು, ಅಂತರ್ಜಾಲ ಮಾಧ್ಯಮಗಳನ್ನು ಕುರಿತ ಮೂಲ ಸಂಶೋಧನೆಗೆ ವಿಶ್ವವಿದ್ಯಾಲಯ ನೀಡುವ ಉನ್ನತ ಪದವಿ. ಸಮಾಜವಿಜ್ಞಾನ ವರ್ಗಕ್ಕೆ ಸೇರಿದ್ದರೂ ಇತಿಹಾಸ, ಭಾಷಾ ಅಧ್ಯಯನಗಳೊಂದಿಗೆ ನಿಕಟ ನಂಟಿದೆ. ಕರ್ನಾಟಕದಲ್ಲಿ ಪತ್ರಿಕೋದ್ಯಮದ ವಿಶ್ವವಿದ್ಯಾಲಯ ಶಿಕ್ಷಣ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರಿಂದ ಆರಂಭವಾಯಿತು. ಸಂಶೋಧನೆಗೆ ನೆಲೆ ಸಿಕ್ಕಿದ್ದು ಆ ಬುನಾದಿಯ ಮೇಲೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಕನಿಷ್ಠ ಅವಧಿ 3 ವರ್ಷ, ಸಾಮಾನ್ಯ ಗರಿಷ್ಠ ಮಿತಿ 6 ವರ್ಷ. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಕಡ್ಡಾಯ. ಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಇಬ್ಬರು ಬಾಹ್ಯ ಪರೀಕ್ಷಕರು ಪರಿಶೀಲಿಸುತ್ತಾರೆ. ಬಳಿಕ ಮೌಖಿಕ ಪರೀಕ್ಷೆ. ಅಂಗೀಕೃತ ಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಲಭ್ಯ.

ಸಮೀಕ್ಷೆ, ಸಂದರ್ಶನ, ವಸ್ತು ವಿಶ್ಲೇಷಣೆ ಪ್ರಮುಖ ವಿಧಾನಗಳು. ಪತ್ರಿಕಾ ಇತಿಹಾಸದ ಸಂಶೋಧಕರಿಗೆ ಹಳೆಯ ಸಂಚಿಕೆಗಳೇ ಮುಖ್ಯ ಆಕರ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ, ಕಲ್ಲಚ್ಚಿನಲ್ಲಿ ಮುದ್ರಿತವಾದ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಓದುವಾಗ ಸುದ್ದಿಯ ಜೊತೆಗೆ ಅಕ್ಷರರೂಪ, ಅಂಕಣ ವಿನ್ಯಾಸ, ಕಾಗುಣಿತವೂ ಸಾಕ್ಷ್ಯವಾಗುತ್ತವೆ. ಇಂಥ ಸಂಚಿಕೆಗಳು ನಶಿಸಿದರೆ ಆ ಸಾಕ್ಷ್ಯವನ್ನು ಬೇರೆಲ್ಲಿಂದಲೂ ಪಡೆಯಲಾಗದು.

ಕರ್ನಾಟಕದ ಹೊರಗೆ, ಮುಂಬಯಿ ಸಮೀಪದ ಠಾಕುರ್ಲಿ, ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರಿಗೆ ಇಂಥ ಸಂಶೋಧನೆಗೆ ಹತ್ತಿರದ ಪ್ರಮುಖ ಕೇಂದ್ರ ಮುಂಬಯಿ ವಿಶ್ವವಿದ್ಯಾಲಯ. ಅಲ್ಲಿ ಸಂವಹನ ಮತ್ತು ಪತ್ರಿಕೋದ್ಯಮ ವಿಭಾಗವಿದೆ. ಕಲೀನಾ ಆವರಣದಲ್ಲಿ 1978ರಲ್ಲಿ ಸ್ಥಾಪಿತವಾದ ಕನ್ನಡ ವಿಭಾಗವೂ ಇದೆ. 'ಕರ್ನಾಟಕ ಮಲ್ಲ' ದಿನಪತ್ರಿಕೆ, 'ಮೊಗವೀರ' ಮಾಸಿಕ, ಸಂಘಸಂಸ್ಥೆಗಳ ಮುಖವಾಣಿಗಳು ಮುಂಬಯಿ ಕನ್ನಡದ ಸಮೃದ್ಧ ಆಕರಗಳು. ವಲಸೆ ಬಂದ ಸಮುದಾಯ ಊರಿನ ಸುದ್ದಿ, ವಧೂವರರ ಜಾಹೀರಾತು, ಯಕ್ಷಗಾನದ ಪ್ರಕಟಣೆಗಳ ಮೂಲಕ ತನ್ನನ್ನು ಕಟ್ಟಿಕೊಂಡ ಬಗೆ ಇವುಗಳಲ್ಲಿ ದಾಖಲಾಗಿದೆ.