ಹಳೆಯ ಮಟಡೋರ್ ಕೊಳ್ಳುವ ಮುನ್ನ: ಗಡಿ ಭಾಗದ ಸದಸ್ಯರಿಗೆ ಮಾಹಿತಿ



ದುಧನಿ, ಅಕ್ಕಲಕೋಟೆ, ಸೊಲ್ಲಾಪುರದ ಸದಸ್ಯರು ಈಚೆಗೆ ಒಂದೇ ವಿಷಯ ಕೇಳುತ್ತಿದ್ದಾರೆ. ಹಳೆಯ ಮಟಡೋರ್ ಅಥವಾ ಟ್ರಾವೆಲರ್ ಕೊಂಡು, ಒಳಗೆ ಮಲಗಲು ಹಲಗೆ ಹಾಕಿ, ಒಲೆ ಇಟ್ಟುಕೊಂಡು ಗಾಣಗಾಪುರ, ಪಂಢರಪುರ, ಹಂಪಿ ತಿರುಗಬಹುದೇ? ತಿರುಗಬಹುದು. ಆದರೆ ಗಾಡಿಗಿಂತ ಮೊದಲು ಕಾಗದ ನೋಡಬೇಕು.

ನಮ್ಮ ಸದಸ್ಯರೊಬ್ಬರು ಗಡಿಯಾಚೆಯಿಂದ ಒಂದು ಮಟಡೋರ್ ತಂದರು. ಮಾರಿದವರು "ಕಾಗದ ಆಮ್ಯಾಲ ಮಾಡೋಣ ಬಿಡ್ರಿ ಕಾಕಾ" ಅಂದಿದ್ದರು. ಆರ್.ಸಿ.ಯಲ್ಲಿದ್ದ ಮಾಲೀಕರು ತೀರಿಕೊಂಡು ವರ್ಷಗಳಾಗಿದ್ದವು. ಗಾಡಿ ವಾರಸುದಾರರ ಹೆಸರಿಗೆ ಆಗಿರಲೇ ಇಲ್ಲ. ನಿವೃತ್ತಿಯ ಹಣದಲ್ಲಿ ಕೊಂಡ ಆ ಗಾಡಿ ಇಂದಿಗೂ ಬೇವಿನ ಗಿಡದ ಕೆಳಗೆ ನಿಂತಿದೆ. ಕೊಳ್ಳುವಾಗ ಅವರು ನಮ್ಮನ್ನೂ ಕರೆದೊಯ್ದಿದ್ದರು. ನಾವು ಎಂಜಿನ್ ಸದ್ದು ಕೇಳಿ "ಚಲೋ ಐತಿ" ಅಂದೆವು, ಕಾಗದ ಕೇಳಲಿಲ್ಲ. ಜೀವನವೆಲ್ಲ ಕಾಗದ ನೋಡಿದ ಗುಮಾಸ್ತರಾಗಿ ನಾವು ಮಾಡಿದ ತಪ್ಪು ಅದು. ಆ ಕಾರಣಕ್ಕೇ ಈ ಬರಹ.

ಗಾಡಿಯ ಹಿನ್ನೆಲೆ

'ಟೆಂಪೊ' ಎಂಬುದು ಜರ್ಮನಿಯ ಹ್ಯಾಂಬರ್ಗ್ ಕಡೆಯ ಒಂದು ವಾಹನ ಕಂಪನಿಯ ಗುರುತಿನ ಹೆಸರು. ಅದರ ಪರವಾನಗಿಯಿಂದ ಬಜಾಜ್ ಟೆಂಪೊ ಕಂಪನಿ ಪುಣೆಯ ಆಕುರ್ಡಿಯಲ್ಲಿ ಮಟಡೋರ್ ತಯಾರಿಸಿತು. 1987ರಲ್ಲಿ ಟ್ರಾವೆಲರ್ ಬಂತು. 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟಾರ್ಸ್ ಆಯಿತು. ನಮ್ಮ ಭಾಗದಲ್ಲಿ ತೊಗರಿ ಚೀಲದಿಂದ ಮದುವೆ ದಿಬ್ಬಣದವರೆಗೆ ಎಲ್ಲವನ್ನೂ ಹೊತ್ತ ಗಾಡಿ ಇದು.

'ವಿಂಟೇಜ್' ಎಂದರೆ ಏನು?

ಹಳೆಯ ಗಾಡಿಯೆಲ್ಲ ವಿಂಟೇಜ್ ಅಲ್ಲ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಖಾಸಗಿ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ಮಾತ್ರ ವಿಂಟೇಜ್. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ₹20,000 ಶುಲ್ಕ, 10 ವರ್ಷ ಮಾನ್ಯತೆ, ನಂಬರಿನಲ್ಲಿ 'ವಿಎ' ಅಕ್ಷರ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಇಂಧನ, ದುರಸ್ತಿ ಮುಂತಾದ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಆದ್ದರಿಂದ ಊರೂರು ತಿರುಗುವ ಆಸೆ ಇದ್ದವರಿಗೆ ಸಾಮಾನ್ಯ ನೋಂದಣಿಯೇ ಸರಿ.

ಗಡಿ ದಾಟಿದ ಗಾಡಿಯ ಕಾಗದ

ಕಲಬುರಗಿಯ ಕೆಎ-32 ಅಥವಾ ವಿಜಯಪುರದ ಕೆಎ-28 ಗಾಡಿ ಕೊಂಡು ಇಲ್ಲಿ ಇಟ್ಟುಕೊಳ್ಳುವವರು ಗಮನಿಸಿ:

1. ಆರ್.ಸಿ.ಯಲ್ಲಿರುವ ಹೆಸರಿನವರೇ ಮಾರುತ್ತಿದ್ದಾರೆಯೇ ನೋಡಿ. ಮಾಲೀಕರು ತೀರಿದ್ದರೆ ವಾರಸುದಾರರು ಮೊದಲು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ.
2. ಸಾಲದ ಬೋಜಾ ಇದ್ದರೆ ಫಾರಂ 35 ಕೇಳಿ. ಬಾಕಿ ದಂಡಗಳನ್ನು ಪರಿವಾಹನ್ ತಾಣದಲ್ಲಿ ನೋಡಿ.
3. ಮೂಲ ಆರ್.ಟಿ.ಓ.ದಿಂದ ಫಾರಂ 28ರ ಎನ್.ಓ.ಸಿ. ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30.
4. ಸೊಲ್ಲಾಪುರದಲ್ಲಿ ತೆರಿಗೆ ಕಟ್ಟಿ ಎಂಎಚ್-13 ನಂಬರ್ ಪಡೆಯಿರಿ. ಹೊರ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಗಾಡಿ ಇಡುವಂತಿಲ್ಲ.
5. ವಿಮೆಯನ್ನು 14 ದಿನಗಳಲ್ಲಿ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ.

15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ಫಾರಂ 25ರಲ್ಲಿ ನವೀಕರಿಸಬೇಕು. ಹಳದಿ ಬೋರ್ಡಿನ ಗಾಡಿಯಾದರೆ ಅದನ್ನು ಖಾಸಗಿಗೆ ಬದಲಿಸಲು ಬೇರೆ ಅನುಮತಿ ಬೇಕು. ಅದು ದೊರೆಯುವವರೆಗೆ ಪೂರ್ತಿ ಹಣ ಕೊಡಬೇಡಿ.

ಗಾಡಿ ನೋಡುವಾಗ

ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ಯಿರಿ, ಬೆಳಗಿನ ಹೊತ್ತು ಹೋಗಿ. ಎಂಜಿನ್ ಮುಟ್ಟಿ ನೋಡಿ: ಮೊದಲೇ ಬಿಸಿ ಮಾಡಿಟ್ಟಿದ್ದರೆ ಕೆಟ್ಟ ಸ್ಟಾರ್ಟಿಂಗ್ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನ ಪಡಬಹುದು. ಬಾಗಿಲ ಕೆಳಗೆ, ಚಕ್ರದ ಮೇಲೆ, ಚಾಸಿಯಲ್ಲಿ ಜಂಗು ನೋಡಿ. ಹೊಸ ಬಣ್ಣದ ಕೆಳಗೆ ಪತ್ರಾ ತಿಂದುಹೋಗಿರುತ್ತದೆ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್.ಸಿ.ಗೆ ಹೋಲಿಸಿ. ಎಂಜಿನ್ ದುರಸ್ತಿ ಆಗುತ್ತದೆ. ಚಾಸಿ ನಂಬರ್ ತಾಳೆಯಾಗದಿದ್ದರೆ ಅದು ಭಂಗಾರ.

ಒಳಗಿನ ಕೆಲಸ

ಆರ್.ಸಿ.ಯ ವಿವರ ಬದಲಾಗುವ ಯಾವ ಮಾರ್ಪಾಡಿಗೂ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಮುಂಚಿತ ಒಪ್ಪಿಗೆ ಬೇಕು. ಬಾಡಿ ಕೊಯ್ದು ಛಾವಣಿ ಎತ್ತರಿಸುವುದಂತೂ ಬೇಡ. ಬಿಚ್ಚಿ ತೆಗೆಯಬಹುದಾದ ಮಂಚ, ಪೆಟ್ಟಿಗೆ ಸಾಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹೀಗಾಗಿ ಒಲೆಯನ್ನು ಹೊರಗಿಟ್ಟೇ ಅಡುಗೆ ಮಾಡಿ. ಸಿಲಿಂಡರ್ ಇಟ್ಟ ಗಾಡಿಯೊಳಗೆ ಯಾರೂ ಮಲಗಬಾರದು.

ಸಂಘದ ನೆರವು

ನಮ್ಮಲ್ಲಿ ನಿವೃತ್ತ ಚಾಲಕರಿದ್ದಾರೆ, ಮಿಸ್ತ್ರಿಗಳಿದ್ದಾರೆ, ಕಾಗದ ಓದಲು ನಾವಿದ್ದೇವೆ. ಬೇವಿನ ಗಿಡದ ಕೆಳಗಿನ ಗಾಡಿಯ ವಾರಸುದಾರರೂ ಈಗ ಸಹಿ ಹಾಕಲು ಒಪ್ಪಿದ್ದಾರೆ. ಮುಂದಿನ ಅರ್ಜಿ ಬರೆಯುವ ಕೆಲಸ ನಮ್ಮದು. ಯಾರಾದರೂ ಗಾಡಿ ನೋಡಿದ್ದರೆ, ಮುಂಗಡ ಕೊಡುವ ಮುನ್ನ ಆರ್.ಸಿ.ಯ ನಕಲನ್ನು ಮಾಸಿಕ ಸಭೆಗೆ ತನ್ನಿ. ಕೂಡಿ ನೋಡೋಣ.

— ಕಾರ್ಯದರ್ಶಿ