ಮೊಲವು ತಿರುಗಿಬಿದ್ದ ನೆಲ

ಹಂಪಿಯಲ್ಲಿ ವಿರೂಪಾಕ್ಷನ ತೇರುಬೀದಿಯನ್ನು ಹಿಡಿದು ಮೂಡಲಿಗೆ ನಡೆದು, ಬೀದಿಯ ಕೊನೆಯ ಏಕಶಿಲಾ ಬಸವನನ್ನು ದಾಟಿ, ಮಾತಂಗ ಪರ್ವತದ ಕಲ್ಲುಮೆಟ್ಟಿಲುಗಳನ್ನೇರಿ ಶಿಖರದ ವೀರಭದ್ರನಿಗೆ ಕೈಮುಗಿದು, ಆಚೆ ಮಗ್ಗುಲಲ್ಲಿ 1534ರ ಅಚ್ಯುತರಾಯ ದೇಗುಲಕ್ಕಿಳಿದು, ಕೋದಂಡರಾಮನ ಗುಡಿಯನ್ನು ಬಳಸಿ ಹೊಳೆದಂಡೆಯಲ್ಲೇ ಮರಳಿ ಊರು ಸೇರುವ ಸುತ್ತುದಾರಿಯಲ್ಲಿ, ಯಾರೂ ಕರೆಯದಿದ್ದರೂ ಬೀದಿಯ ನಾಯಿಯೊಂದು ಜೊತೆಗೂಡುವುದುಂಟು.

ಬಂಡೆಯ ನೆರಳಿನಲ್ಲಿ ನಾಲಗೆ ಚಾಚಿ ಕುಳಿತು, ಏದುಸಿರಿನ ಯಾತ್ರಿಕನು ಮೇಲೇರುವವರೆಗೆ ಕಾದು, ಮತ್ತೆ ಮುಂದಾಗುವ ಈ ಅನಾಹೂತ ಸಂಗಾತಿಯನ್ನು ಕಂಡಾಗ, ಈ ನೆಲದ ಆದಿಕಥೆಯಲ್ಲೂ ನಾಯಿಗಳಿದ್ದುವೆಂಬುದು ನೆನಪಾಗದಿರದು. ಕಂಪಿಲರಾಯನ ರಾಜ್ಯವು 1327ರಲ್ಲಿ ದಿಲ್ಲಿಯ ಸೈನ್ಯಕ್ಕೆ ಸಿಲುಕಿ ಅಳಿದ ತರುವಾಯ, ಆನೆಗೊಂದಿಯ ಅರಸನು ಹೊಳೆಯ ಈಚೆ ದಡದಲ್ಲಿ ಬೇಟೆಯಾಡುತ್ತಿರಲು, ಬೆನ್ನಟ್ಟಿದ ನಾಯಿಗಳ ಮೇಲೆ ಮೊಲವೊಂದು ತಿರುಗಿಬಿದ್ದು ಕಚ್ಚಿತೆಂದೂ, ಆ ಗಂಡುನೆಲದಲ್ಲಿ ಪಟ್ಟಣವನ್ನು ಕಟ್ಟೆಂದು ತಪಸ್ವಿಯೋರ್ವನು ಆದೇಶಿಸಿದನೆಂದೂ ಪೋರ್ತುಗೀಸ ವರ್ತಕ ನೂನಿಜನು ಹದಿನಾರನೆಯ ಶತಮಾನದಲ್ಲಿ ಬರೆದಿಟ್ಟನು. ಜನಶ್ರುತಿಯು ಆ ತಪಸ್ವಿಯನ್ನು ವಿದ್ಯಾರಣ್ಯರೆಂದೂ ವರ್ಷವನ್ನು 1336 ಎಂದೂ ಗುರುತಿಸುತ್ತದೆ.

ಬೇಟೆನಾಯಿಗಳ ಸೋಲಿನಿಂದ ಹುಟ್ಟಿತೆನ್ನುವ ಆ ಮಹಾನಗರವು 1565ರಲ್ಲಿ ಅರಸರ ಸೋಲಿನಿಂದ ಹಾಳಾಯಿತು. ಗುಡ್ಡವಿಳಿದ ನಮ್ಮ ನಾಯಿಯು ಮಾತ್ರ, ಅದಾವುದರ ಗೊಡವೆಯೂ ಇಲ್ಲದೆ, ತೇರುಬೀದಿಯ ಮಂಟಪದ ಕಂಬವೊಂದರ ಬುಡದಲ್ಲಿ ಮೂರು ಸುತ್ತು ಸುತ್ತಿ ಮಲಗುತ್ತದೆ.